ಮೊದಲು ಪುಸ್ತಕ, ಆಮೇಲೆ ಯಂತ್ರ

"ಒಂದು ಇ-ರೀಡರ್ ತೆಗೆದುಕೊಳ್ಳಬೇಕು ಅಂತ ಉಂಟು, ಯಾವುದು ಆಗಬಹುದು?" ಈ ಪ್ರಶ್ನೆ ಈಗ ಬೆಂಗಳೂರಿನ ಐಟಿ ಪಾರ್ಕುಗಳಲ್ಲಷ್ಟೇ ಕೇಳುವುದಲ್ಲ. ಬಿ.ಸಿ. ರೋಡಿನ ನಿವೃತ್ತ ಅಧ್ಯಾಪಕರು, ಉಜಿರೆಯ ಎಂ.ಎ. ವಿದ್ಯಾರ್ಥಿನಿ, ಮೂಡುಬಿದಿರೆಯ ಮನೆಯಿಂದಲೇ ಕಂಪೆನಿ ಕೆಲಸ ಮಾಡುವ ಇಂಜಿನಿಯರು, ವಿಟ್ಲದ ಕಡೆಯ ತಾಳಮದ್ದಳೆ ಅರ್ಥಧಾರಿ ಹೀಗೆ ಕೇಳುವವರು ಹಲವು ಬಗೆ. ಸಿಗುವ ಉತ್ತರ ಮಾತ್ರ ಒಂದೇ ಬಗೆ: ಯಂತ್ರಗಳ ಪಟ್ಟಿ, ಅವುಗಳ ಬೆಲೆ, ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕ.

ಇಂಗ್ಲಿಷ್ ಓದುವವರಿಗೆ ಆ ಉತ್ತರ ಸಾಕು. ಅವರು ಯಾವ ಯಂತ್ರ ಕೊಂಡರೂ ಪುಸ್ತಕ ಹಿಂದಿನಿಂದ ಬಂದೇ ಬರುತ್ತದೆ. ಕನ್ನಡ ಓದುವವರ ಸ್ಥಿತಿ ಬೇರೆ. ಇಲ್ಲಿ ಒಂದು ಪುಸ್ತಕ ಒಂದು ಕಂಪೆನಿಯ ಆಪ್‌ನೊಳಗೆ ಇರುತ್ತದೆ, ಇನ್ನೊಂದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿರುತ್ತದೆ, ಮತ್ತೊಂದು ವಿಕಿಸೋರ್ಸ್‌ನಲ್ಲಿ ಅಚ್ಚುಕಟ್ಟಾದ ಪಠ್ಯವಾಗಿರುತ್ತದೆ, ಬಹಳಷ್ಟು ಎಲ್ಲೂ ಇರುವುದಿಲ್ಲ. ಯಂತ್ರ ಮೊದಲ ಮೂರು ರೂಪಗಳಲ್ಲಿ ಒಂದನ್ನೋ ಎರಡನ್ನೋ ಚೆನ್ನಾಗಿ ತೋರಿಸೀತು, ಎಲ್ಲವನ್ನೂ ಅಲ್ಲ. ಆದುದರಿಂದ ಕನ್ನಡದ ಓದುಗರು ಪ್ರಶ್ನೆಯನ್ನೇ ತಿರುಗಿಸಿಕೊಳ್ಳಬೇಕು. ಮುಂದಿನ ಒಂದು ವರ್ಷ ನಾನು ಏನು ಓದುತ್ತೇನೆ, ಅದು ಯಾವ ರೂಪದಲ್ಲಿ ಸಿಗುತ್ತದೆ ಎಂದು ಮೊದಲು ನೋಡಬೇಕು. ಯಂತ್ರದ ಮಾತು ಅದರ ನಂತರದ್ದು.

ಕಾಗದಕ್ಕೆ ಕಷ್ಟದ ಸೀಮೆ

ಇ-ರೀಡರ್ ಬೇಕೇ ಬೇಡವೇ ಎನ್ನುವುದಕ್ಕೆ ನಮ್ಮ ಹವೆಯೂ ಒಂದು ಮಾತು ಸೇರಿಸುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಜೂನ್‌ನಿಂದ ಸೆಪ್ಟೆಂಬರಿನ ತನಕ ಕಪಾಟಿನ ಪುಸ್ತಕಕ್ಕೆ ಬೂಸರು ಹಿಡಿಯುತ್ತದೆ, ಬೈಂಡಿನ ಅಂಟು ಬಿಡುತ್ತದೆ, ಒರಲೆ ಬಂದರಂತೂ ಕೇಳುವುದೇ ಬೇಡ. 1923ರ 'ಮಾರಿಬೊಳ್ಳ'ದಲ್ಲೂ 1974ರ ನೆರೆಯಲ್ಲೂ ನೇತ್ರಾವತಿ ಬಂಟ್ವಾಳ ಪೇಟೆಯೊಳಗೇ ನುಗ್ಗಿತ್ತು. ಇಂಥ ಕಡೆ ಮನೆಯಲ್ಲಿ ಪುಸ್ತಕ ಉಳಿಸಿಕೊಳ್ಳುವುದೇ ಒಂದು ಕೆಲಸ.

ಪುಸ್ತಕ ಕೊಳ್ಳುವುದೂ ಸುಲಭವಲ್ಲ. ಮೂಡುಬಿದಿರೆಯಲ್ಲಿ 2004ರಲ್ಲಿ ಆರಂಭವಾದ ಆಳ್ವಾಸ್ ನುಡಿಸಿರಿ ನಡೆಯುತ್ತಿದ್ದಾಗ ಅದರ ಮಳಿಗೆಗಳು ಪುಸ್ತಕವನ್ನು ಊರಿಗೇ ತರುತ್ತಿದ್ದವು; ಧರ್ಮಸ್ಥಳದ ಲಕ್ಷದೀಪೋತ್ಸವದ ಹೊತ್ತಿನ ಸಾಹಿತ್ಯ ಸಮ್ಮೇಳನದಂಥ ಸಂದರ್ಭಗಳಲ್ಲಿ ಈಗಲೂ ಪುಸ್ತಕ ಊರಿಗೇ ಬರುತ್ತದೆ. ಉಳಿದ ದಿನಗಳಲ್ಲಿ ಮಂಗಳೂರಿಗೆ ಹೋಗಬೇಕು, ಇಲ್ಲವೇ ಅಂಚೆಗೆ ಕಾಯಬೇಕು. 1975ರಿಂದ ಮಂಗಳೂರಿನಲ್ಲಿದ್ದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿದ ಮೇಲೆ, ಇಡೀ ಜಿಲ್ಲೆಯ ಓದುಗರಿಗೆ ಹೋಗಿ ನಿಂತು ಹುಡುಕುವ ಒಂದು ಜಾಗ ಕಡಿಮೆಯಾಯಿತು. ಅಂಗಡಿ ಮುಚ್ಚಿದ ಅದರ ಮಾಲೀಕ ಜಿ.ಎನ್. ಅಶೋಕವರ್ಧನರು ಆಮೇಲೆ ತಮ್ಮ ಜಾಲತಾಣದಲ್ಲಿ ಉಚಿತ ಇ-ಪುಸ್ತಕಗಳನ್ನು ಹಾಕುವ ಕೆಲಸಕ್ಕೆ ಇಳಿದರು. ಪುಸ್ತಕ ಮಾರಿದ ಅನುಭವ ಇರುವವರೇ ಆ ದಾರಿ ಹಿಡಿದದ್ದು ಗಮನಿಸಬೇಕಾದ ಸಂಗತಿ.

ಫೋನ್ ಇರುವಾಗ ಇದು ಯಾಕೆ?

ಎಲ್ಲರ ಕೈಯಲ್ಲೂ ಫೋನ್ ಇದೆ. ಅದರಲ್ಲೂ ಓದಬಹುದು, ಓದುತ್ತಲೂ ಇದ್ದಾರೆ. ಇ-ರೀಡರಿನ ವ್ಯತ್ಯಾಸ ಅದರ ಪರದೆಯಲ್ಲಿದೆ. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ಹುಟ್ಟಿ 1997ರಲ್ಲಿ ಕಂಪೆನಿಯಾದ ಇ-ಇಂಕ್ ತಂತ್ರದಲ್ಲಿ, ಪರದೆಯ ಅಡಿಯಲ್ಲಿ ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯ ದ್ರವದಲ್ಲಿ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಕೊಟ್ಟಾಗ ಒಂದು ಬಣ್ಣದವು ಮೇಲೆ ಬರುತ್ತವೆ, ಇನ್ನೊಂದು ಕೆಳಗೆ ಇಳಿಯುತ್ತವೆ. ಒಮ್ಮೆ ಪುಟ ಮೂಡಿದ ಮೇಲೆ ಅದು ಹಾಗೇ ನಿಲ್ಲಲು ಕರೆಂಟು ಬೇಡ, ಪುಟ ತಿರುಗಿಸುವಾಗ ಮಾತ್ರ ಬೇಕು. ಆದುದರಿಂದಲೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುತ್ತದೆ. ಬಿಸಿಲಿನ ಜಗಲಿಯಲ್ಲಿ ಕೂತರೂ ಅಕ್ಷರ ಮಾಸುವುದಿಲ್ಲ.

ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಚಾರ್ಮಾಡಿ, ಶಿಶಿಲ, ದಿಡುಪೆಯ ಕಡೆಯವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ತೊಂದರೆಯಿಲ್ಲ; ಪುಸ್ತಕ ಒಮ್ಮೆ ಒಳಗೆ ಸೇರಿದರೆ ಮುಗಿಯಿತು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿದ ತಾಲೂಕುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಸಿಡಿಲಬ್ಬರ ಇರುವ ಸಂಜೆ ಚಾರ್ಜಿಗೆ ಹಾಕಿಡಬಾರದು. ತಿಂಗಳುಗಟ್ಟಲೆ ಬ್ಯಾಟರಿ ಪೂರ್ತಿ ಖಾಲಿಯಾಗಿ ಬಿದ್ದಿರಲೂ ಬಾರದು.

ಇ-ಇಂಕಿಗೆ ಕೊರತೆಯೂ ಇದೆ. ಬಣ್ಣದ ಪರದೆಗಳು ಬಂದಿವೆಯಾದರೂ ಈಗ ಹೆಚ್ಚು ಬಳಕೆಯಲ್ಲಿರುವ ಕೆಲೈಡೊ 3 ಪರದೆಯಲ್ಲಿ ಕಪ್ಪು-ಬಿಳುಪಿನ ಸ್ಪಷ್ಟತೆ ಇಂಚಿಗೆ 300 ಚುಕ್ಕೆ, ಬಣ್ಣದ್ದು 150 ಮಾತ್ರ. ದಿನಪತ್ರಿಕೆಯ ಇ-ಪೇಪರು, ವಾರಪತ್ರಿಕೆಯ ಬಣ್ಣದ ಪುಟ ಇದರಲ್ಲಿ ಹಿತವಾಗುವುದಿಲ್ಲ. ಅವನ್ನೇ ಓದುವವರಿಗೆ ಸಾಧಾರಣ ಟ್ಯಾಬ್ಲೆಟ್ ಸಾಕು, ಇ-ರೀಡರಿಗೆ ದುಡ್ಡು ಹಾಕುವುದು ಬೇಡ.

ಒತ್ತಕ್ಷರದ ಪರೀಕ್ಷೆ

ಯಂತ್ರದ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಾಗಿ ಕಾಣದ ಎರಡು ಅಂಶಗಳು ಕನ್ನಡಿಗರಿಗೆ ಮುಖ್ಯ.

ಮೊದಲನೆಯದು ಅಕ್ಷರ ಜೋಡಣೆ. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಪದವಾಯಿತು. ಕನ್ನಡದಲ್ಲಿ ವ್ಯಂಜನದ ಕೆಳಗೆ ಒತ್ತು ಕೂರಬೇಕು, ಸ್ವರಚಿಹ್ನೆ ಮೇಲೆ ಅಥವಾ ಬಲಕ್ಕೆ ಸೇರಬೇಕು. ಈ ಜೋಡಣೆ ತಿಳಿಯದ ತಂತ್ರಾಂಶವಿದ್ದರೆ 'ಕಷ್ಟ' ಎಂಬುದು ಷಕಾರ, ಅದರ ಮೇಲೊಂದು ಕೊಕ್ಕೆ, ಪಕ್ಕದಲ್ಲಿ ಟಕಾರ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಫಾಂಟೇ ಇಲ್ಲದಿದ್ದರೆ ಖಾಲಿ ಚೌಕಗಳ ಸಾಲು. ಕೊಳ್ಳುವ ಮೊದಲು ಯಾರ ಬಳಿಯಾದರೂ ಇರುವ ಅದೇ ಮಾದರಿಯ ಯಂತ್ರದಲ್ಲಿ 'ರಾಷ್ಟ್ರ', 'ಸ್ತ್ರೀ', 'ಕರ್ತೃ', 'ಮಾಹಾತ್ಮ್ಯೆ' ಈ ನಾಲ್ಕು ಪದಗಳಿರುವ ಒಂದು ಕಡತ ತೆರೆದು ನೋಡಿದರೆ ಸಾಕು, ಗುಣ ತಿಳಿಯುತ್ತದೆ. ಕಿಂಡಲ್ ಮತ್ತು ಕೋಬೊ ಎರಡರಲ್ಲೂ 'ಫಾಂಟ್ಸ್' ಎಂಬ ಫೋಲ್ಡರಿಗೆ ನಮಗೆ ಬೇಕಾದ ಫಾಂಟ್ ಹಾಕಿಕೊಳ್ಳಲು ಬರುತ್ತದೆ. ಗುಬ್ಬಿ, ನವಿಲು, ನೋಟೊ ಸೆರಿಫ್ ಕನ್ನಡ ಇವೆಲ್ಲ ಉಚಿತ ಫಾಂಟುಗಳೇ.

ಎರಡನೆಯದು ಪರದೆಯ ಅಗಲ. ಕನ್ನಡ ಪದಗಳು ಉದ್ದ. ವಿಭಕ್ತಿ, ಸಂಧಿ, ಅವ್ಯಯ ಎಲ್ಲ ಸೇರಿ 'ಮಾಡಿಕೊಳ್ಳಬೇಕಾಗಿರುವುದರಿಂದ' ಎಂಬಂಥ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಾದುದರಿಂದ ಸಾಲುಗಳ ನಡುವಿನ ಅಂತರವೂ ಹೆಚ್ಚಬೇಕು. ಆರು ಇಂಚಿನ ಪರದೆಯಲ್ಲಿ, ಅರುವತ್ತು ದಾಟಿದ ಕಣ್ಣಿಗೆ ಹಿಡಿಸುವಷ್ಟು ಅಕ್ಷರ ದೊಡ್ಡದು ಮಾಡಿದರೆ ಒಂದು ಸಾಲಿಗೆ ಮೂರು ಪದ ಸಿಕ್ಕಿದರೆ ಹೆಚ್ಚು. ಎರಡೂ ಅಂಚು ಸಮ ಮಾಡುವ ವ್ಯವಸ್ಥೆ ಇದ್ದರೆ ಪದಗಳ ನಡುವೆ ದೊಡ್ಡ ಬಿರುಕು ಬೀಳುತ್ತದೆ. ಹಾಗಾಗಿ ಮುಖ್ಯವಾಗಿ ಕನ್ನಡ ಓದುವವರು ಏಳು ಇಂಚಿಗಿಂತ ಕಡಿಮೆಯದಕ್ಕೆ ಹೋಗದಿರುವುದು ಒಳ್ಳೆಯದು. ಬಲ ಅಂಚನ್ನು ಸಮ ಮಾಡದೆ ಬಿಡುವ ಆಯ್ಕೆ ಇದೆಯೇ ಎಂದೂ ನೋಡಿಕೊಳ್ಳಬೇಕು.

ತುಳು ಓದುವವರಿಗೂ ಸದ್ಯಕ್ಕೆ ಇದೇ ಲೆಕ್ಕ. ತುಳು–ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ನೇ ಆವೃತ್ತಿಯಲ್ಲಿ ಸೇರಿತು. ಆದರೆ ಓದಲು ಸಿಗುವ ತುಳು ಸಾಹಿತ್ಯ ಬಹುಪಾಲು ಕನ್ನಡ ಲಿಪಿಯದೇ. ಕನ್ನಡ ಸರಿಯಾಗಿ ಕಾಣುವ ಯಂತ್ರದಲ್ಲಿ ತುಳುವೂ ಕಾಣುತ್ತದೆ.

ಯಂತ್ರಗಳು: ಮೂರು ದಾರಿ

ಭಾರತದಲ್ಲಿ ಸುಲಭವಾಗಿ ಸಿಗುವುದು ಅಮೆಜಾನಿನ ಕಿಂಡಲ್. 2007ರಲ್ಲಿ ಅಮೆರಿಕದಲ್ಲಿ, 2012ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂತು. ಏಳು ಇಂಚಿನ, ನೀರು ತಡೆಯುವ ಹೊಸ ಪೇಪರ್‌ವೈಟ್ 2025ರ ಏಪ್ರಿಲಿನಲ್ಲಿ ಇಲ್ಲಿ ಬಂದಾಗ ಬೆಲೆ 16,999 ರೂಪಾಯಿ. ಯಂತ್ರವಾಗಿ ಗಟ್ಟಿ, ಬಳಕೆ ಸುಲಭ, ಇಂಗ್ಲಿಷ್ ಪುಸ್ತಕ ಬೇಕಾದಷ್ಟು. ಕನ್ನಡದ ಮಟ್ಟಿಗೆ ಕಥೆ ಬೇರೆ. 2016ರ ಕೊನೆಯಲ್ಲಿ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಈ ಐದು ಭಾಷೆಗಳ ಕಿಂಡಲ್ ಪುಸ್ತಕಗಳನ್ನು ತಂದಿತು. ಕನ್ನಡ ಆ ಸಾಲಿನಲ್ಲಿರಲಿಲ್ಲ. ಆಗ ತಪ್ಪಿದ ಬಸ್ಸಿನಿಂದಾಗಿ ಕನ್ನಡ ಪ್ರಕಾಶಕರು ತಮ್ಮದೇ ಬೇರೆ ದಾರಿ ಹಿಡಿದರು. ಕಿಂಡಲ್ ಕೊಂಡವರು ಕನ್ನಡ ಕಡತಗಳನ್ನು ಹೊರಗಿನಿಂದ ತಂದು ಹಾಕಿಕೊಳ್ಳುವುದೇ ರೂಢಿಯಾಯಿತು. 2022ರಿಂದ ಇ-ಪುಸ್ತಕಗಳ ಸಾಮಾನ್ಯ ರೂಪವಾದ ಇಪಬ್ ಕಡತವನ್ನು 'ಸೆಂಡ್ ಟು ಕಿಂಡಲ್' ಮೂಲಕ ಕಳುಹಿಸಬಹುದಾದ್ದರಿಂದ ಈ ಕೆಲಸ ಮೊದಲಿಗಿಂತ ಹಗುರ.

ಎರಡನೆಯ ದಾರಿ ಕೋಬೊ, ಪಾಕೆಟ್‌ಬುಕ್ ಮುಂತಾದವು. ಇವು ಇಪಬ್ ಕಡತವನ್ನು ನೇರವಾಗಿ ಓದುತ್ತವೆ, ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ ಪುಸ್ತಕ ನಕಲು ಮಾಡಿದರೆ ಆಯಿತು. ಒಂದೇ ಅಂಗಡಿಗೆ ಕಟ್ಟಿಹಾಕುವುದಿಲ್ಲ. ಕೆಓರೀಡರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಪಿಡಿಎಫ್ ಅಂಚು ಕತ್ತರಿಸುವುದು, ಸಾಲು ಮರುಜೋಡಿಸುವುದು, ನಿಘಂಟು ಸೇರಿಸುವುದು ಎಲ್ಲ ಸಾಧ್ಯ. ಕೊರತೆ ಸಿಗುವಿಕೆಯದು. ಕೋಬೊ 2013ರಲ್ಲಿ ಭಾರತಕ್ಕೆ ಬಂದರೂ ಕಿಂಡಲ್‌ನಷ್ಟು ಬೇರು ಬಿಡಲಿಲ್ಲ. ನಮ್ಮ ಕಡೆಯವರು ಗಲ್ಫಿನಿಂದಲೋ ಅಮೆರಿಕದಿಂದಲೋ ಬರುವ ಮಕ್ಕಳ ಕೈಯಲ್ಲಿ ತರಿಸಿಕೊಳ್ಳುವುದುಂಟು. ಹಾಗೆ ತರಿಸಿದ್ದು ಕೆಟ್ಟರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಮೂರನೆಯದು ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರಗಳು. ಇವುಗಳಲ್ಲಿ ಓನಿಕ್ಸ್ ಬೂಕ್ಸ್ ಹೆಸರಾದದ್ದು. ಫೋನಿನಲ್ಲಿ ಹಾಕುವ ಆಪ್‌ಗಳನ್ನೇ ಇದರಲ್ಲಿ ಹಾಕಬಹುದು ಎಂಬುದೇ ಇದರ ಬಲ. ಕನ್ನಡದ ಹೊಸ ಪುಸ್ತಕಗಳು ಆಪ್‌ನೊಳಗೆ ಇರುವುದರಿಂದ, ಹೊಸ ಕನ್ನಡ ಸಾಹಿತ್ಯವನ್ನು ಇ-ಇಂಕ್ ಪರದೆಯಲ್ಲೇ ಓದಬೇಕೆಂದರೆ ಹೆಚ್ಚುಕಡಿಮೆ ಇದೊಂದೇ ದಾರಿ. ಆದರೆ ಬೆಲೆ ಹೆಚ್ಚು, ಬ್ಯಾಟರಿ ಬೇಗ ಇಳಿಯುತ್ತದೆ, ಫೋನಿಗಾಗಿ ಮಾಡಿದ ಆಪ್ ಇ-ಇಂಕಿನಲ್ಲಿ ತಡವರಿಸುತ್ತದೆ, ಹಿಂದಿನ ಪುಟದ ನೆರಳು ಉಳಿಯುತ್ತದೆ. ಹತ್ತು ಇಂಚಿನ ಮಾದರಿಯಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳೂ ಹಾಯಾಗಿ ಕಾಣುತ್ತವೆ. ಸಂಶೋಧಕರಿಗೆ ಅದು ದೊಡ್ಡ ಲಾಭ.

ದುಡ್ಡು ಕೊಟ್ಟು ಓದುವ ಕನ್ನಡ

ಹೊಸ ಕನ್ನಡ ಪುಸ್ತಕಗಳಿಗೆ ಈಗ ಕೆಲವು ಅಂಗಡಿಗಳಿವೆ. ಬೆಂಗಳೂರಿನ ಮೈಲ್ಯಾಂಗ್ ಬುಕ್ಸ್ 2020ರಿಂದ ಇ-ಪುಸ್ತಕ ಮತ್ತು ಕೇಳುಪುಸ್ತಕಗಳನ್ನು ತನ್ನ ಆಪ್‌ನಲ್ಲಿ ಕೊಡುತ್ತಿದೆ. ಋತುಮಾನಕ್ಕೂ ತನ್ನದೇ ಆಪ್ ಇದೆ. ವಿವಿಡ್‌ಲಿಪಿಯ ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಸಿಗುತ್ತವೆ. ಬೆಲೆ ಸಾಮಾನ್ಯವಾಗಿ ಮುದ್ರಿತ ಪುಸ್ತಕಕ್ಕಿಂತ ಕಡಿಮೆ. ತೆರಿಗೆಯಲ್ಲಿ ಮಾತ್ರ ತಾರತಮ್ಯ: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ; ಮುದ್ರಿತ ರೂಪವಿರುವ ಇ-ಪುಸ್ತಕಕ್ಕೆ 2018ರ ಜುಲೈಯಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿಸಿದರು.

ಪ್ರಕಾಶಕರು ಆಪ್‌ನೊಳಗೆ ಬೀಗ ಹಾಕಿಡುವುದಕ್ಕೆ ಕಾರಣವಿದೆ. ಸಾವಿರ ಪ್ರತಿ ಅಚ್ಚು ಹಾಕಿ, ಅದು ಮುಗಿಯಲು ವರ್ಷಗಳೇ ಬೇಕಾಗುವ ಉದ್ಯಮದಲ್ಲಿ ಒಂದು ಪಿಡಿಎಫ್ ವಾಟ್ಸ್ಆ್ಯಪ್ ಗುಂಪುಗಳಿಗೆ ಬಿದ್ದರೆ ಆ ಪುಸ್ತಕದ ಮಾರಾಟ ಅಲ್ಲಿಗೆ ನಿಂತಿತು. ಭಯ ಸುಳ್ಳಲ್ಲ. ಆದರೆ ಬೀಗದ ಕೈ ಕಂಪೆನಿಯ ಬಳಿಯೇ ಇದ್ದರೆ ಓದುಗರ ಪಾಲಿಗೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2009ರಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕಿರಲಿಲ್ಲವೆಂದು, ಜಾರ್ಜ್ ಆರ್ವೆಲ್‌ನ '1984'ರ ಪ್ರತಿಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. 2012ರಲ್ಲಿ ಇ-ಪುಸ್ತಕ ಮಾರತೊಡಗಿದ ಫ್ಲಿಪ್‌ಕಾರ್ಟ್ 2015ರ ಡಿಸೆಂಬರಿನಲ್ಲಿ ಆ ವ್ಯಾಪಾರ ಕೈಬಿಟ್ಟು ಗಿರಾಕಿಗಳನ್ನು ಕೋಬೊಗೆ ದಾಟಿಸಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಪುಸ್ತಕದಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೆಲ್ಲ ಮಾಯವಾದವು, ದುಡ್ಡು ಮಾತ್ರ ಹಿಂದಿರುಗಿತು. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಯಂತ್ರಕ್ಕೆ ಹಾಕುವ ಸೌಲಭ್ಯವನ್ನೂ ತೆಗೆಯಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ಗೇಣಿಯ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾದೀತು: ಆಪ್‌ನೊಳಗಿನ ಪುಸ್ತಕ ಚಾಲಗೇಣಿಯ ಗದ್ದೆ, ಒಡೆಯ ಏಳೆಂದರೆ ಏಳಬೇಕು. ಒಂದು ಸಲ ಓದಿ ಬಿಡುವ ಕಾದಂಬರಿಗೆ ಅದು ನಡೆದೀತು. ಮತ್ತೆ ಮತ್ತೆ ತೆಗೆದು ನೋಡುವ ನಿಘಂಟು, ಕಾವ್ಯ, ಆಕರ ಗ್ರಂಥಗಳನ್ನು ಮುದ್ರಿತ ರೂಪದಲ್ಲೋ ಬೀಗವಿಲ್ಲದ ಕಡತವಾಗಿಯೋ ಇಟ್ಟುಕೊಳ್ಳುವುದೇ ಸರಿ.

ಉಚಿತವಾಗಿ, ಕಾನೂನಿನ ಒಳಗೆ

ದುಡ್ಡು ಕೊಡದೆ, ಕದಿಯದೆ ಓದಬಹುದಾದ ಕನ್ನಡ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ. ಭಾರತದ ಕಾನೂನಿನಲ್ಲಿ ಲೇಖಕರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಕೃತಿಸ್ವಾಮ್ಯವಿರುತ್ತದೆ. ಲೆಕ್ಕ ತೀರಿಕೊಂಡ ಮರುವರ್ಷದ ಆರಂಭದಿಂದ. ಈ ಅಳತೆಯಲ್ಲಿ ನಮ್ಮ ಸೀಮೆಯನ್ನು ನೋಡಿದರೆ ಮೂಡುಬಿದಿರೆಯ ರತ್ನಾಕರವರ್ಣಿಯ ಮಾತು ಹಾಗಿರಲಿ, ನಂದಳಿಕೆಯ ಮುದ್ದಣ (1870–1901), 1899ರಲ್ಲಿ 'ಇಂದಿರಾಬಾಯಿ' ಬರೆದ ಗುಲ್ವಾಡಿ ವೆಂಕಟರಾಯರು, ಬಂಟ್ವಾಳದಲ್ಲೇ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಎಲ್ಲರ ಬರಹಗಳೂ ಮುಕ್ತ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಜೀವಿತಕಾಲದ ಪ್ರಕಟಣೆಗಳು 2024ರ ಜನವರಿ 1ರಿಂದ ಈ ಸಾಲಿಗೆ ಸೇರಿವೆ. ಕಡೆಂಗೋಡ್ಲು ಶಂಕರಭಟ್ಟರದು 2029ರಲ್ಲಿ ಸೇರಲಿದೆ. ಶಿವರಾಮ ಕಾರಂತರಿಗೆ 2058ರ ತನಕ ಕಾಯಬೇಕು. ಅವರ ಪಿಡಿಎಫ್ ಎಲ್ಲಾದರೂ ಉಚಿತವಾಗಿ ಸಿಕ್ಕಿದರೆ ಅದು ಹಕ್ಕಿಲ್ಲದ ಪ್ರತಿ ಎಂದು ಸಂಶಯ ಪಡಬೇಕು. ಇನ್ನೊಂದು ಸೂಕ್ಷ್ಮವೂ ಉಂಟು. ಮೂಲ ಮುಕ್ತವಾದರೂ ಇತ್ತೀಚಿನ ಸಂಪಾದಕರ ಟಿಪ್ಪಣಿ, ಗದ್ಯಾನುವಾದ ಮುಕ್ತವಲ್ಲ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಬರಹಕ್ಕೆ ಲೆಕ್ಕ ಅಚ್ಚಾದ ವರ್ಷದಿಂದ.

ಲೇಖಕರ ಮನೆಯವರೇ ಮುಂದಾಗಿ ಬಿಟ್ಟುಕೊಟ್ಟದ್ದೂ ಇದೆ. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಕನ್ನಡ ವಿಕಿಸೋರ್ಸ್‌ನಲ್ಲಿ ಪಠ್ಯವಾಗಿ ಸಿದ್ಧವಾದ ಪುಸ್ತಕವನ್ನು ಇಪಬ್ ಆಗಿ ಇಳಿಸಿಕೊಳ್ಳಬಹುದು. ಇ-ರೀಡರಿಗೆ ಇದಕ್ಕಿಂತ ಹೊಂದುವ ರೂಪ ಬೇರೆ ಇಲ್ಲ.

ಹಳೆಯ ಪುಸ್ತಕಗಳ ದೊಡ್ಡ ರಾಶಿ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದವು, ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ತಂಡ ಸ್ಕ್ಯಾನ್ ಮಾಡಿದವು ಅಲ್ಲಿ ಸೇರಿವೆ. ಹುಡುಕಲು ಸಂಚಯ ತಂಡದ 'ಪುಸ್ತಕ ಸಂಚಯ' ನೆರವಾಗುತ್ತದೆ. ಅದೇ ತಂಡದ 'ವಚನ ಸಂಚಯ'ದಲ್ಲಿ ವಚನಗಳನ್ನು ಪದ ಹಿಡಿದು ಹುಡುಕಬಹುದು. ಸರಕಾರದ 'ಕಣಜ'ದಲ್ಲಿ ಅಕಾಡೆಮಿ, ಪ್ರಾಧಿಕಾರಗಳ ಪುಸ್ತಕಗಳಿವೆ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಅಚ್ಚು ಹಾಕಿದ ಹತ್ತೊಂಬತ್ತನೇ ಶತಮಾನದ ಕನ್ನಡ ಮತ್ತು ತುಳು ಪುಸ್ತಕಗಳು ಬೇಕಾದವರು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಸಂಗ್ರಹ ನೋಡಬೇಕು. ಚಿಕ್ಕ ಮಕ್ಕಳಿಗೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕಥೆಗಳಿವೆ. ಅವಕ್ಕೆ ಬಣ್ಣ ಬೇಕಾದ್ದರಿಂದ ಟ್ಯಾಬ್ಲೆಟ್ಟೇ ಮೇಲು.

ಯಕ್ಷಗಾನದವರ ಸಾಧನೆ ಈ ಸಮೀಕ್ಷೆಯಲ್ಲಿ ಬೇರೆಯಾಗಿಯೇ ಹೇಳಬೇಕಾದದ್ದು. ಪ್ರಸಂಗ ಪುಸ್ತಕಗಳು ಅಗ್ಗದ ಕಾಗದದಲ್ಲಿ ಅಚ್ಚಾಗಿ, ಮೇಳಗಳ ಪೆಟ್ಟಿಗೆಯಲ್ಲಿ ಸವೆದು, ಮರುಮುದ್ರಣವಿಲ್ಲದೆ ಹೋಗುತ್ತಿದ್ದವು. ಯಕ್ಷವಾಹಿನಿ ಬಳಗ ಅವನ್ನು ಸ್ಕ್ಯಾನ್ ಮಾಡಿದ್ದಲ್ಲದೆ ಎಷ್ಟೋ ಪ್ರಸಂಗಗಳನ್ನು ಟೈಪು ಮಾಡಿ, ತಿದ್ದಿ ಉಚಿತವಾಗಿ ಒದಗಿಸಿದೆ. ಭಾಗವತರ ಮುಂದೆ ಪುಸ್ತಕದ ಜಾಗದಲ್ಲಿ ಈಗ ಫೋನೋ ಟ್ಯಾಬ್ಲೆಟ್ಟೋ ಕಾಣುವುದು ಅಪರೂಪವಲ್ಲ. ಸಂಸ್ಥೆ, ಅನುದಾನಗಳಿಗೆ ಕಾಯದೆ, ಓದಿ ಬಳಸುವವರೇ ಸೇರಿ ತಮಗೆ ಬೇಕಾದ ಪಠ್ಯವನ್ನು ತಾವೇ ಸಿದ್ಧಪಡಿಸಿಕೊಂಡ ಉದಾಹರಣೆ ಇದು.

ಸರಕಾರಿ ಗ್ರಂಥಾಲಯಗಳ ಕಡೆಗೂ ಒಂದು ನೋಟ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಗ್ರಾಮ ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್‌ರಾಜ್ ಇಲಾಖೆಗೆ ಬಂದು ಈಗ 'ಅರಿವು ಕೇಂದ್ರ'ಗಳಾಗಿವೆ. ಆದರೆ ವಿದೇಶಗಳಲ್ಲಿರುವಂತೆ ಗ್ರಂಥಾಲಯದ ಇ-ಪುಸ್ತಕವನ್ನು ಎರವಲಾಗಿ ನೇರ ಇ-ರೀಡರಿಗೆ ತರಿಸಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲ. ಓದು ನಡೆಯುವುದು ಕಂಪ್ಯೂಟರು, ಫೋನುಗಳಲ್ಲೇ.

ಸ್ಕ್ಯಾನ್ ಎಂಬ ಅರ್ಧ ದಾರಿ

ಉಚಿತ ಕನ್ನಡದ ಬಹುಪಾಲು ಸ್ಕ್ಯಾನ್ ರೂಪದ್ದು, ಎಂದರೆ ಪುಟದ ಫೋಟೋ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯ ಹೊರಗೆ ಹೋಗುತ್ತದೆ. ಕೆಓರೀಡರಿನ ಮರುಜೋಡಣೆ, ಅಥವಾ ಪಿಡಿಎಫ್ ಅನ್ನು ಸಣ್ಣ ಪರದೆಗೆ ಕತ್ತರಿಸಿಕೊಡುವ ಕೆ2ಪಿಡಿಎಫ್‌ಆಪ್ಟ್ ತಂತ್ರಾಂಶ ಒಂದಿಷ್ಟು ನೆರವಾಗುತ್ತವೆ. ಮುದ್ರಣ ಮಾಸಿದ್ದರೆ, ಪುಟ ವಾರೆಯಾಗಿದ್ದರೆ ಅವೂ ಸೋಲುತ್ತವೆ.

ಫೋಟೋದಿಂದ ಅಕ್ಷರ ಹೆಕ್ಕುವ ಓಸಿಆರ್ ಕನ್ನಡಕ್ಕೂ ಇದೆ. ಟೆಸೆರಾಕ್ಟ್ ಉಚಿತ, ಗೂಗಲಿನದೂ ಚೆನ್ನಾಗಿದೆ. ತಪ್ಪುಗಳು ಬರುವುದು ನಮ್ಮ ಲಿಪಿಯ ಬಿಕ್ಕಟ್ಟಿನ ಜಾಗಗಳಲ್ಲೇ. ಹಳೆಯ ಮುದ್ರಣದ ಅರ್ಕಾವೊತ್ತು ಕನ್ನಡದ ಒಂಬತ್ತರ ಅಂಕಿಯಂತೆಯೇ ಇರುವುದರಿಂದ ಅದನ್ನು ಅಂಕಿ ಎಂದು ಓದುತ್ತದೆ. ಪಕಾರ, ಷಕಾರ, ಫಕಾರ ಕಲಸುತ್ತದೆ. ಆದುದರಿಂದ ಮನುಷ್ಯರು ಕೂತು ತಿದ್ದಲೇಬೇಕು. ತಿದ್ದಿದ ಪಠ್ಯವನ್ನು ಇಪಬ್ ಮಾಡಲು ಕ್ಯಾಲಿಬರ್ ಇದೆ. ಭಾರತೀಯ ಮೂಲದ ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಈ ಉಚಿತ ತಂತ್ರಾಂಶವನ್ನೇ ಜಗತ್ತಿನ ಇ-ರೀಡರ್ ಬಳಕೆದಾರರು ಪುಸ್ತಕ ಸಂಗ್ರಹ ನೋಡಿಕೊಳ್ಳಲು ನಂಬಿಕೊಂಡಿದ್ದಾರೆ.

ನಕಲು ಮಾಡಿಕೊಳ್ಳದ ಪುಸ್ತಕ ಇದ್ದೂ ಇಲ್ಲದಂತೆ ಎಂಬುದಕ್ಕೆ ಮೂಡುಬಿದಿರೆಗಿಂತ ದೊಡ್ಡ ಸಾಕ್ಷಿ ಬೇಡ. ಜೈನರ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ಇಲ್ಲಿನ ಬಸದಿಯಲ್ಲಿದ್ದವು. ಯಾತ್ರಿಕರು ಬಂದು ದರ್ಶನ ಮಾಡಿ ಹೋಗುತ್ತಿದ್ದರು, ಓದಿದವರಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ತೊಡಗಿತು, 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾ ಅಚ್ಚಾಗತೊಡಗಿತು, ಆಮೇಲಷ್ಟೇ ಅದು ವಿದ್ವಾಂಸರ ಕೈಸೇರಿತು. ಇದೇ ಊರಿನಲ್ಲಿದ್ದು ಕೆ. ಭುಜಬಲಿ ಶಾಸ್ತ್ರಿಗಳು ತಾಳೆಗರಿಗಳ ಸೂಚಿ ಸಿದ್ಧಪಡಿಸಿದರು. 1948ರಲ್ಲಿ ಅದು ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಕೂತಿರುವ ಸಾವಿರಾರು ಕನ್ನಡ ಸ್ಕ್ಯಾನ್‌ಗಳು ಇಂದು ಅದೇ ಘಟ್ಟದಲ್ಲಿವೆ: ಕಾಣುತ್ತವೆ, ಸುಲಭವಾಗಿ ಓದಲು ಬರುವುದಿಲ್ಲ.

ಯಾರಿಗೆ ಯಾವುದು

ಇಷ್ಟನ್ನು ಮುಂದಿಟ್ಟುಕೊಂಡು ನೋಡಿದರೆ ಆಯ್ಕೆ ಹೀಗೆ ನಿಲ್ಲುತ್ತದೆ. ಮುಕ್ಕಾಲು ಪಾಲು ಇಂಗ್ಲಿಷ್ ಓದಿ, ನಡುವೆ ವಿಕಿಸೋರ್ಸ್‌ನಂಥ ಕಡೆಯ ಕನ್ನಡ ಇಪಬ್ ಓದುವವರಿಗೆ ಏಳು ಇಂಚಿನ ಕಿಂಡಲ್ ಸಾಕು. ಒಂದು ಕಂಪೆನಿಗೆ ಕಟ್ಟುಬೀಳಲು ಮನಸ್ಸಿಲ್ಲದೆ, ಕಂಪ್ಯೂಟರಿನಲ್ಲಿ ಸ್ವಲ್ಪ ಕೈಯಾಡಿಸುವ ಅಭ್ಯಾಸ ಇರುವವರಿಗೆ ಕೋಬೊ ಜಾತಿಯದು. 2019ರಲ್ಲಿ ಪ್ರಕಟವಾದ ವಿ. ಕೃಷ್ಣ ಅವರ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟಿನ ದತ್ತಾಂಶ ಮುಕ್ತವಾಗಿರುವುದರಿಂದ, ಅದನ್ನು ಪರಿವರ್ತಿಸಿ ಕೆಓರೀಡರಿಗೆ ಸೇರಿಸಿಕೊಳ್ಳುವ ಸಾಧ್ಯತೆಯೂ ಇವರಿಗಿದೆ. ಹೊಸ ಕನ್ನಡ ಕಥೆ-ಕಾದಂಬರಿಗಳೇ ಮುಖ್ಯವಾದರೆ ಆಂಡ್ರಾಯ್ಡ್ ಇ-ಇಂಕ್, ಅಷ್ಟು ಖರ್ಚು ಬೇಡವೆಂದರೆ ಇರುವ ಫೋನಿನಲ್ಲೇ ಆಪ್. ಹಳಗನ್ನಡ, ಶಾಸನ, ಹಳೆಯ ಪತ್ರಿಕೆ ನೋಡುವ ಸಂಶೋಧಕರಿಗೆ ಹತ್ತು ಇಂಚಿಗಿಂತ ಕಡಿಮೆಯದು ದಂಡ. ಪತ್ರಿಕೆ, ಮಕ್ಕಳ ಚಿತ್ರಪುಸ್ತಕ, ಪ್ರಸಂಗದ ಪಿಡಿಎಫ್‌ಗಳಿಗೆ ಟ್ಯಾಬ್ಲೆಟ್.

ಒಂದೇ ಊರಿನ ಓದುಗರಿಗೆ ಇಷ್ಟೊಂದು ಬಗೆಯ ಉತ್ತರ ಕೊಡಬೇಕಾಗಿ ಬಂದದ್ದು ಯಂತ್ರಗಳ ದೋಷದಿಂದಲ್ಲ. ನಮ್ಮ ಪುಸ್ತಕಗಳು ಹಲವು ರೂಪಗಳಲ್ಲಿ ಚದುರಿರುವುದೇ ಕಾರಣ. ಅದನ್ನು ಸರಿಪಡಿಸಲು ಬೇಕಾದ ಜನ ನಮ್ಮ ಊರುಗಳಲ್ಲೇ ಇದ್ದಾರೆ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳ ವಿದ್ಯಾರ್ಥಿಗಳು ಕನ್ನಡ ಮತ್ತು ತುಳು ವಿಕಿಪೀಡಿಯಕ್ಕೆ ಬರೆದ ಅನುಭವ ಇರುವವರು. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಧರ್ಮಸ್ಥಳದ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನ, ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನ ಇವೆಲ್ಲ ಗ್ರಂಥ, ಹಸ್ತಪ್ರತಿಗಳನ್ನು ಜೋಪಾನ ಮಾಡಿಕೊಂಡು ಬಂದ ಜಾಗಗಳು. ಒಂದು ಕನ್ನಡ ವಿಭಾಗದ ನಲುವತ್ತು ವಿದ್ಯಾರ್ಥಿಗಳಿಗೆ ಐದೈದು ಪುಟ ಹಂಚಿದರೆ ಇನ್ನೂರು ಪುಟದ ಪುಸ್ತಕ ಒಂದು ಸೆಮಿಸ್ಟರಿನಲ್ಲಿ ತಿದ್ದಿ ಮುಗಿಯುತ್ತದೆ. ಕರಡು ತಿದ್ದುವುದನ್ನು ಕಲಿತಂತೆಯೂ ಆಯಿತು. ಪಂಜೆ, ಮುದ್ದಣ, ಗೋವಿಂದ ಪೈಗಳಿಂದ ತೊಡಗಿದರೆ ಹಕ್ಕಿನ ತಕರಾರೂ ಇಲ್ಲ.

ಆ ಕೆಲಸ ನಡೆದ ಮೇಲೆ ಯಾವ ಇ-ರೀಡರ್ ಕೊಳ್ಳಬೇಕೆಂದು ಯಾರಾದರೂ ಕೇಳಿದರೆ ಇಷ್ಟುದ್ದದ ಲೇಖನ ಬೇಡ. ಒತ್ತಕ್ಷರ ಸರಿಯಾಗಿ ಕಾಣುವವುಗಳಲ್ಲಿ ಅಗ್ಗದ್ದು ಯಾವುದೋ ಅದು ಸಾಕು ಎಂದರಾಯಿತು.